ನಿದ್ದೆಯಲ್ಲಿ ಚೀರುವ ಮಗು: ತಪ್ಪು ರಾಕ್ಷಸ ವೇಷದ್ದೇ?

ಕುಮಟಾದ ಅಮ್ಮ: ಬೆಳಗಿನವರೆಗಿನ ಯಕ್ಷಗಾನ ಬಯಲಾಟ ನೋಡಿ ಬಂದಂದಿನಿಂದ ಆರು ವರ್ಷದ ಮಗಳು ಮಲಗಿದ ಒಂದೂವರೆ ತಾಸಿಗೆ ದಡಕ್ಕನೆ ಎದ್ದು ಕುಳಿತು, ಕಣ್ಣು ಬಿಟ್ಟುಕೊಂಡೇ ಚೀರುತ್ತಾಳೆ, ಅಂಗಿ ಬೆವರಿನಿಂದ ತೊಯ್ದಿರುತ್ತದೆ, ಅಪ್ಪಿಕೊಂಡರೆ ತಳ್ಳುತ್ತಾಳೆ, ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ. ಅತ್ತೆಯವರು ದೃಷ್ಟಿ ತೆಗೆದದ್ದೂ ಆಯಿತು. ರಾಕ್ಷಸ ವೇಷದ ಅಬ್ಬರಕ್ಕೆ ಹೆದರಿದ್ದಾಳೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಶಿರಸಿ ಪೇಟೆಯವ: ‘ಸಂಶಯವಿಲ್ಲ’ ಎಂದಿರಿ, ಸಂಶಯ ಹುಟ್ಟಿಸುವುದು ನಿಮ್ಮ ವಿವರಣೆಯೇ. ದುಃಸ್ವಪ್ನ ಹೆಚ್ಚಾಗಿ ಬೆಳಗಿನ ಜಾವ ಬೀಳುತ್ತದೆ, ಎದ್ದ ಮಗು ಅದನ್ನು ಹೇಳಬಲ್ಲದು. ಇದು ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ ಮೆದುಳು ಅರೆಬರೆ ಎಚ್ಚೆತ್ತಾಗ ಬರುವ ನಿದ್ರಾಭೀತಿ. ನಿದ್ದೆಗೆಟ್ಟ ಮಗುವಿಗೆ ಮರುದಿನ ಗಾಢ ನಿದ್ದೆ ಇನ್ನಷ್ಟು ಹೆಚ್ಚಿ ಇದು ಕೆರಳುತ್ತದೆ. ಜ್ವರ, ಕಟ್ಟಿಕೊಂಡ ಮೂತ್ರ, ಗೊರಕೆಯೊಡನೆ ಉಸಿರುಕಟ್ಟುವುದೂ ಕಾರಣವಾಗಬಹುದು. ಇದು ವಂಶದಲ್ಲಿ ಬರುವುದೂ ಉಂಟು; ನಿಮ್ಮ ಮನೆತನದಲ್ಲಿ ನಿದ್ದೆಯಲ್ಲಿ ನಡೆಯುವವರು ಇದ್ದಾರೆಯೇ?

ಚಂಡೆಪ್ರಿಯ, ಹೊನ್ನಾವರ: ‘ನಿದ್ದೆಗೆಟ್ಟ ಮಗು’ ಎಂದು ಕೊನೆಗೂ ಆಟದ ಮೇಲೆಯೇ ಗೂಬೆ ಕೂರಿಸಿದಿರಿ. ಯಕ್ಷಗಾನದ ಹೆಸರಾಂತ ಕಲಾವಿದ ಚಿಟ್ಟಾಣಿಯವರ ಭಸ್ಮಾಸುರ ವೇಷವನ್ನು ಅಜ್ಜನ ಮಡಿಲಲ್ಲಿ ಕುಳಿತು ನೋಡಿದ ನಮ್ಮ ತಲೆಮಾರಿನಲ್ಲಿ ಯಾರು ಚೀರಿದರು?

ಶಿರಸಿ ಪೇಟೆಯವ: ಚೀರಿದವರಿಗೇ ನೆನಪಿರುವುದಿಲ್ಲ, ಅಮ್ಮನವರು ಮೇಲೆಯೇ ಬರೆದಿದ್ದಾರಲ್ಲ. ನಿಮ್ಮ ಅಜ್ಜಿಯನ್ನು ಕೇಳಬೇಕಿತ್ತು.

ಚಂಡೆಪ್ರಿಯ, ಹೊನ್ನಾವರ: ಅಜ್ಜಿಯ ಸುದ್ದಿಗೆ ಬರಬೇಡಿ! ಇಂಥ ಮಾತುಗಳಿಂದಲೇ ಹಲವೆಡೆ ಕಾಲಮಿತಿ ಪ್ರಯೋಗ ಬಂದು, ನಡುರಾತ್ರಿಗೇ ಮಂಗಳ ಹಾಡುವಂತಾಯಿತು.

ಕುಮಟಾದ ಅಮ್ಮ: ನಡುರಾತ್ರಿಗೇ ಮುಗಿದಿದ್ದರೆ ಒಳ್ಳೆಯದೇ ಇತ್ತು.

ಚಂಡೆಪ್ರಿಯ, ಹೊನ್ನಾವರ: ಪ್ರಸಂಗ ಅರ್ಧಕ್ಕೆ ನಿಲ್ಲಿಸಿ ಮಗುವನ್ನು ಮಲಗಿಸಬೇಕೋ? ಮಲಗುವ ಮುನ್ನ ಕೈಗೆ ಕೊಡುವ ಮೊಬೈಲಿನ ಬಗ್ಗೆ ಮಾತ್ರ ಯಾರೂ ಉಸಿರೆತ್ತುವುದಿಲ್ಲ.

ಕಾರವಾರ ಬಂದರು: ಮಗು, ಮಗು ಎಂದು ಮೂರು ಜನ ಜಗಳವಾಡುತ್ತಿದ್ದೀರಿ; ರಾತ್ರಿ ಪಾಳಿಯ ನನಗೆ ನಲವತ್ತು ದಾಟಿದ ಮೇಲೆ ಇದು ಶುರುವಾಗಿದೆ. ನಾನು ಯಾವ ಆಟಕ್ಕೂ ಹೋಗಿಲ್ಲ.

ಶಿರಸಿ ಪೇಟೆಯವ: ದೊಡ್ಡವರಲ್ಲಿ ಒತ್ತಡ, ಮದ್ಯ, ಕೆಲವು ನಿದ್ದೆ ಮಾತ್ರೆಗಳೂ ಕಾರಣವಾಗುತ್ತವೆ. ಆದರೆ ಈ ವಯಸ್ಸಿನಲ್ಲಿ ಹೊಸದಾಗಿ ಬಂದರೆ, ಅದರಲ್ಲೂ ಒಂದೇ ರಾತ್ರಿ ಹಲವು ಬಾರಿ ಒಂದೇ ರೀತಿಯಲ್ಲಿ ಆದರೆ, ಅಪಸ್ಮಾರ (ಮೂರ್ಛೆರೋಗ) ಅಲ್ಲವೆಂದು ನರರೋಗ ತಜ್ಞರಿಂದ ಖಚಿತಪಡಿಸಿಕೊಳ್ಳಬೇಕು.

ಕಾರವಾರ ಬಂದರು: ‘ಮದ್ಯ’ ಎಂದಿರಲ್ಲ, ನಾನು ಕುಡಿಯುತ್ತೇನೆಂದು ನಿಮಗೆ ಹೇಳಿದವರು ಯಾರು?

ಶಿರಸಿ ಪೇಟೆಯವ: ಯಾರೂ ಹೇಳಿಲ್ಲ. ಅಮ್ಮನವರೇ, ಚೀರುವಾಗ ಅಲುಗಾಡಿಸಿ ಎಬ್ಬಿಸಬೇಡಿ, ಬೀಳದಂತೆ ಕಾಯಿರಿ. ದಿನವೂ ಒಂದೇ ವೇಳೆಗೆ ಆಗುತ್ತಿದ್ದರೆ ಅದಕ್ಕಿಂತ ಹದಿನೈದು–ಇಪ್ಪತ್ತು ನಿಮಿಷ ಮೊದಲೇ ಮೆಲ್ಲನೆ ಎಚ್ಚರಿಸುವ ಕ್ರಮವೂ ಇದೆ.

ಚಂಡೆಪ್ರಿಯ, ಹೊನ್ನಾವರ: ನಿದ್ದೆಗೆಟ್ಟದ್ದೇ ರೋಗಕ್ಕೆ ಮೂಲ ಎಂದವರು ಈಗ ಮಲಗಿದ ಮಗುವನ್ನು ಎಬ್ಬಿಸಿ ಎನ್ನುತ್ತಿದ್ದಾರೆ. ಎಲ್ಲರೂ ಓದಿಕೊಳ್ಳಿ.