ಸೋಯಾ ಬೇರಿನ ಗಂಟು: ರೋಗವೋ, ಗೊಬ್ಬರವೋ?

ಪ್ರಶ್ನೆ (ಬೀದರ್ ಕಡೆಯ ರೈತ):
ಬಿತ್ತಿ 40 ದಿನಗಳಾದ ಸೋಯಾ ಗಿಡಗಳನ್ನು ಎರಡು ಹೊಲಗಳಿಂದ ಹೆಂಟೆ ಸಮೇತ ಅಗೆದು, ಬಕೆಟ್ ನೀರಿನಲ್ಲಿ ಬೇರು ತೊಳೆದು ನೋಡಿದೆ. ಹಲವು ವರ್ಷಗಳಿಂದ ಸೋಯಾ ಬೆಳೆಯುತ್ತಿರುವ ಹೊಲದ ಬೇರಿಗೆ ಸಾಸಿವೆಗಿಂತ ದಪ್ಪನೆಯ ಗಂಟುಗಳು ಅಂಟಿಕೊಂಡಿವೆ. ಇದೇ ಮೊದಲ ಸಲ ಸೋಯಾ ಹಾಕಿದ ಹೊಲದಲ್ಲಿ ಒಂದೂ ಗಂಟಿಲ್ಲ, ಕೆಳಗಿನ ಎಲೆಗಳು ಹಳದಿಯಾಗಿವೆ. ಆದರೆ ಅಲ್ಲಿಯೇ ಹಿಂದೆ ತೊಗರಿ ಚೆನ್ನಾಗಿ ಬಂದಿತ್ತು. ಕಾರಣವೇನು?

ಉತ್ತರ 1:
ಮೊದಲು ಗಂಟನ್ನು ಉಗುರಿನಿಂದ ಮೀಟಿ ನೋಡಿ. ಸುಲಭವಾಗಿ ಕಳಚಿ ಬಂದರೆ ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳ ಮನೆ. ಬೇರೇ ಊದಿಕೊಂಡು ಗಂಟು ಕಳಚದಿದ್ದರೆ ಬೇರು ಹೊಕ್ಕ ಮಣ್ಣಿನ ಜಂತುಹುಳುವಿನ (ನೆಮಟೋಡ್) ಬಾಧೆ. ಕಳಚಿದ ಗಂಟನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆಯುತ್ತಿದೆ ಎಂದರ್ಥ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸೋದರಸಂಬಂಧಿಯಂತಿರುವ ಲೆಗ್‌ಹಿಮೋಗ್ಲೋಬಿನ್ನಿನ ಬಣ್ಣವದು. ಸಾರಜನಕವನ್ನು ಕಟ್ಟಿಹಾಕುವ ನೈಟ್ರೋಜಿನೇಸ್ ಎಂಬ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಬ್ಯಾಕ್ಟೀರಿಯಾಕ್ಕಾದರೋ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಕೆಂಪು ವಸ್ತು ಅದನ್ನು ಹಿಡಿದಿಟ್ಟು ಅಳೆದಳೆದು ಕೊಡುತ್ತದೆ.

ಉತ್ತರ 2:
ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಗಿಡಕ್ಕೆ ಅದು ನೇರವಾಗಿ ದಕ್ಕುವುದಿಲ್ಲ. 1909ರಲ್ಲಿ ಜರ್ಮನ್ ರಸಾಯನವಿಜ್ಞಾನಿ ಫ್ರಿಟ್ಸ್ ಹೇಬರ್ ಪ್ರಯೋಗಾಲಯದಲ್ಲಿ ಅದನ್ನು ಅಮೋನಿಯಾ ಆಗಿಸಿ ತೋರಿಸಿದ ದಾರಿಯಲ್ಲೇ ಇಂದಿಗೂ ಕಾರ್ಖಾನೆಗಳು 400 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕ ಶಾಖದಲ್ಲಿ, ನೂರಕ್ಕೂ ಹೆಚ್ಚು ಪಟ್ಟು ವಾಯುಒತ್ತಡದಲ್ಲಿ ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಸುತ್ತವೆ. ನಿಮ್ಮ ಹೊಲದ ಗಂಟು ಅದೇ ಕೆಲಸವನ್ನು ಮಣ್ಣಿನ ತಂಪಿನಲ್ಲಿ, ಗಿಡ ಕೊಟ್ಟ ಸಕ್ಕರೆಯ ಕೂಲಿಗೆ ಮಾಡುತ್ತದೆ. ಮುಖ್ಯ ಬೆಳೆಯ ನಡುವಿನ ಅಕ್ಕಡಿ ಸಾಲಿನಲ್ಲಿ ದ್ವಿದಳ ಹಾಕುತ್ತಿದ್ದ ಹಿರಿಯರು ಈ ಜೀವಿಗಳನ್ನು ಕಂಡಿರಲಿಲ್ಲ, ಆದರೆ ಮುಂದಿನ ಬೆಳೆಯ ಹಸಿರನ್ನು ಕಂಡಿದ್ದರು.

ಉತ್ತರ 3:
ತೊಗರಿಯ ಬ್ಯಾಕ್ಟೀರಿಯಾ ಸೋಯಾಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಸೋಯಾ ಬಯಸುವುದು ಅದೇ ರೈಜೋಬಿಯಂ ಬಳಗದ ಬ್ರಾಡಿರೈಜೋಬಿಯಂ ಜಪೋನಿಕಂ ಬಗೆಯದನ್ನು. ಹೊಸ ಹೊಲದಲ್ಲಿ ಅದು ಇಲ್ಲದಿರಬಹುದು. ಕೆಳಗಿನ ಎಲೆ ಮೊದಲು ಹಳದಿಯಾಗಿರುವುದೂ ಸಾರಜನಕದ ಕೊರತೆಗೆ ಹೊಂದುತ್ತದೆ. ನರ ಹಸಿರಾಗಿಯೇ ಉಳಿದು ಎಳೆ ಎಲೆ ಹಳದಿಯಾಗಿದ್ದರೆ ಕಬ್ಬಿಣದ ಕೊರತೆಯನ್ನು ಶಂಕಿಸುತ್ತಿದ್ದೆ. ಈ ವರ್ಷ ಆ ಹೊಲಕ್ಕೆ ಮಾತ್ರ ಸ್ವಲ್ಪ ಯೂರಿಯಾ ಕೊಡಿ. ಗಂಟಿರುವ ಹೊಲಕ್ಕೆ ಬೇಡ: ಸಿದ್ಧ ಸಾರಜನಕ ಸಿಕ್ಕರೆ ಗಿಡ ಗಂಟುಗಳನ್ನು ಸಾಕುವುದಿಲ್ಲ. ಮುಂದಿನ ಬಿತ್ತನೆಗೆ ಸೋಯಾದ ಜೀವಾಣು ಗೊಬ್ಬರವನ್ನೇ ಕೇಳಿ ತಂದು, ತಣಿದ ಬೆಲ್ಲದ ಪಾಕದಲ್ಲಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿರಿ.

ಪ್ರಶ್ನೆ ಕೇಳಿದವರು:
ಹಳೆಯ ಹೊಲದ ನಾಲ್ಕು ಗಂಟುಗಳನ್ನು ಸೀಳಿದೆ: ಮೂರು ನಸುಗೆಂಪು, ಒಂದು ಹಸಿರು. ಆ ಹಸಿರಿನದು ಮುದಿಯಾಯಿತೇ?

ಉತ್ತರ 1:
ಹೌದು, ಅದರ ಕೆಲಸ ಮುಗಿದಿದೆ. ಮೂರು ಕೆಂಪಿದ್ದರೆ ಚಿಂತೆಯಿಲ್ಲ.