ಕೊರಿಯನ್ ಡ್ರಾಮಾದಲ್ಲಿ ‘ನೀವು’ ‘ನೀನು’ ಆಗುವ ಹೊತ್ತು: ಸಬ್‌ಟೈಟಲ್‌ನಲ್ಲಿ ನಮಗೆ ಏನೆಲ್ಲ ತಪ್ಪಿಹೋಗುತ್ತಿದೆ?

ನೀಲಿಕೊಡೆ:

ಎಲ್ಲರಿಗೂ ನಮಸ್ಕಾರ. ಕೊರಿಯನ್ ಡ್ರಾಮಾ ನೋಡಲು ಶುರು ಮಾಡಿ ಐದು ವರ್ಷ ಆಯಿತು. ಇಷ್ಟು ದಿನ ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ಕತೆ ಹಿಡಿಯುತ್ತಿದ್ದೆ. ಈಗೀಗ ಕಿವಿಯೂ ಕೆಲಸ ಮಾಡಲು ಶುರು ಮಾಡಿದೆ. ಅವರು ಅಪ್ಪನಿಗೆ ‘ಆಪ್ಪಾ’ ಅನ್ನುತ್ತಾರೆ, ಅಮ್ಮನಿಗೆ ‘ಒಮ್ಮಾ’ ಅನ್ನುತ್ತಾರೆ. ಮೊದಲ ಸಲ ಇದನ್ನು ಗಮನಿಸಿದಾಗ ಪಕ್ಕದ ಮನೆಯ ಮಾತು ಕೇಳಿಸಿದ ಹಾಗಾಯಿತು.

ಇತ್ತೀಚೆಗೆ ಇನ್ನೊಂದು ವಿಷಯ ತಲೆಯಲ್ಲಿ ಕೂತಿದೆ. ಹೊಸದಾಗಿ ಪರಿಚಯವಾದ ಇಬ್ಬರು ಮಾತಾಡುವಾಗ ಹೆಚ್ಚುಕಡಿಮೆ ಪ್ರತಿ ವಾಕ್ಯದ ಕೊನೆಗೂ ‘ಯೊ’ ಅಂತ ಒಂದು ಸದ್ದು ಬರುತ್ತದೆ. ಎಂಟು ಹತ್ತು ಕಂತು ಹೀಗೇ ನಡೆಯುತ್ತದೆ. ಆಮೇಲೆ ಯಾವುದೋ ಒಂದು ರಾತ್ರಿ, ಜಗಳದ ಮಧ್ಯೆಯೋ, ಮನೆ ತನಕ ಬಿಟ್ಟು ಹೊರಡುವಾಗಲೋ, ಆ ‘ಯೊ’ ಇದ್ದಕ್ಕಿದ್ದಂತೆ ಬಿದ್ದುಹೋಗುತ್ತದೆ. ಎದುರಿಗಿದ್ದವರ ಮುಖ ಬದಲಾಗುತ್ತದೆ. ಕೆಳಗಿನ ಸಬ್‌ಟೈಟಲ್‌ನಲ್ಲಿ ಮಾತ್ರ ಮೊದಲೂ ‘ಯೂ’, ಈಗಲೂ ‘ಯೂ’.

ನಮಗೆ ಕನ್ನಡದಲ್ಲಿ ‘ನೀವು’ ಹೋಗಿ ‘ನೀನು’ ಬಂದರೆ ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಇಬ್ಬರ ನಡುವೆ ಏನೋ ಆಗಿದೆ ಅಂತ ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಅಲ್ಲೂ ಹಾಗೇನಾ? ಹಾಗಿದ್ದರೆ ನಾನು ನೋಡಿದ ಅರ್ಧ ಪ್ರೇಮಕತೆಗಳ ಮುಖ್ಯ ತಿರುವನ್ನೇ ಸುಮ್ನೆ ದಾಟಿಕೊಂಡು ಬಂದಿದ್ದೇನೆ ಅಂತ ಆಯಿತಲ್ವಾ! ಗೊತ್ತಿದ್ದವರು ಹೇಳಿ. ಯಾವ ಸಿನಿಮಾ, ಯಾವ ಡ್ರಾಮಾದಲ್ಲಿ ಇದನ್ನು ಗಮನಿಸಬೇಕು? ಪೂರ್ತಿ ಕೊರಿಯನ್ ಕಲಿಯದೆ ಇದನ್ನು ಹಿಡಿಯಲು ಆಗುತ್ತದಾ?

---

ಹದಿನಾರನೇ ಕಂತು:

ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಆ ‘ಯೊ’ ಗೌರವದ ಗುರುತು. ಗೌರವದ ಮಾತಿಗೆ ‘ಜೊಂದೆನ್‌ಮಾಲ್’ ಅನ್ನುತ್ತಾರೆ, ಸಲಿಗೆಯ ಮಾತಿಗೆ ‘ಬಾನ್‌ಮಾಲ್’. ‘ಮಾಲ್’ ಅಂದರೆ ಮಾತು. ಆಫೀಸು, ಸೈನ್ಯ, ಟಿವಿ ವಾರ್ತೆ ಇಂಥ ಕಡೆ ‘ಯೊ’ಗಿಂತಲೂ ಬಿಗಿಯಾದ ‘ಸುಮ್ನಿದಾ’ ಬರುತ್ತದೆ. ಒಬ್ಬರಿಗೊಬ್ಬರು ಒಪ್ಪಿಕೊಂಡು ಸಲಿಗೆಗೆ ಇಳಿಯುವುದಕ್ಕೆ ಅವರು ಬಳಸುವ ಪದ ನನಗೆ ಬಹಳ ಇಷ್ಟ: ಮಾತನ್ನು ‘ಕೆಳಗೆ ಇಡುವುದು’. ಹೊತ್ತುಕೊಂಡಿದ್ದ ಭಾರ ಇಳಿಸಿದ ಹಾಗೆ.

ಹೊಸಬರು ಸಿಕ್ಕ ಕೂಡಲೇ ವಯಸ್ಸು ಕೇಳುವುದು ಇದಕ್ಕೇ. ಒಂದು ವರ್ಷ ದೊಡ್ಡವರಾದರೂ ಲೆಕ್ಕಕ್ಕೆ ಬರುತ್ತದೆ. ‘ಚಿಂಗು’ ಅಂದರೆ ಗೆಳೆಯ ಅಂತ ಸಬ್‌ಟೈಟಲ್ ಹೇಳುತ್ತದೆ, ಆದರೆ ಸಾಮಾನ್ಯವಾಗಿ ಒಂದೇ ವಯಸ್ಸಿನವರನ್ನು ಮಾತ್ರ ಹಾಗೆ ಕರೆಯುತ್ತಾರೆ. 2023ರ ಜೂನ್‌ನಲ್ಲಿ ಕೊರಿಯಾ ಸರ್ಕಾರ ವಯಸ್ಸಿನ ಹಳೇ ಲೆಕ್ಕ ಬಿಟ್ಟು ಅಂತರರಾಷ್ಟ್ರೀಯ ಲೆಕ್ಕಕ್ಕೆ ಬಂತು, ಆದರೂ ಯಾರು ಯಾರಿಗೆ ಅಣ್ಣ ಅನ್ನುವ ಲೆಕ್ಕ ಡ್ರಾಮಾಗಳಲ್ಲಿ ಹಾಗೇ ಇದೆ.

ಉದಾಹರಣೆ ಕೇಳಿದಿರಿ. ‘ಸ್ಕ್ವಿಡ್ ಗೇಮ್’ ಮೊದಲ ಸೀಸನ್ ನೆನಪು ಮಾಡಿಕೊಳ್ಳಿ, ಸೋತವರು ಸಾಯುವ ಆಟಗಳ ಕತೆ (ನೋಡದವರು ಈ ಪ್ಯಾರಾ ಬಿಡಿ, ಕತೆ ಗೊತ್ತಾಗುತ್ತದೆ). ಅನುಪಮ್ ತ್ರಿಪಾಠಿ ಮಾಡಿದ ಅಲಿಯ ಪಾತ್ರ. ಪಾಕಿಸ್ತಾನದಿಂದ ಬಂದ ಕಾರ್ಮಿಕ. ಜೊತೆಗೆ ಆಡುವ ಸಾಂಗ್-ವೂನನ್ನು ಅವನು ‘ಸಾಜಾಂಗ್‌ನಿಮ್’ ಅಂತ ಕರೆಯುತ್ತಿರುತ್ತಾನೆ, ಅಂದರೆ ಯಜಮಾನರೇ ಅಂತ. ಫ್ಯಾಕ್ಟರಿಯಲ್ಲಿ ದುಡಿಯುವವನು ಎಲ್ಲರನ್ನೂ ಹಾಗೆ ಕರೆದೇ ಬದುಕಿದವನು. ಸಾಂಗ್-ವೂ ಹಾಗನ್ನಬೇಡ, ‘ಹ್ಯೊಂಗ್’ ಅನ್ನು ಅಂತಾನೆ. ಹ್ಯೊಂಗ್ ಅಂದರೆ ಗಂಡಸೊಬ್ಬ ತನ್ನ ಅಣ್ಣನಿಗೆ ಅನ್ನುವ ಮಾತು. ಯಜಮಾನರು ಹೋಗಿ ಅಣ್ಣ ಬಂದ. ಇದಾದ ಮೇಲೆ ಗೋಲಿ ಆಟದ ಕಂತು ಬರುತ್ತದೆ. ಅಲ್ಲಿ ಅವನಿಗೆ ಮೋಸ ಮಾಡುವುದು ಜೊತೆಯ ಆಟಗಾರ ಅಲ್ಲ, ಅಣ್ಣ. ಇದು ಗೊತ್ತಿಟ್ಟುಕೊಂಡು ಆ ಕಂತನ್ನು ಎರಡನೇ ಸಲ ನೋಡಿದೆ. ಮೊದಲ ಸಲಕ್ಕಿಂತ ಜಾಸ್ತಿ ಸಂಕಟವಾಯಿತು.

ಇನ್ನೊಂದು, ನನ್ನ ಮೆಚ್ಚಿನದು. 2014ರ ‘ಮಿಸೇಂಗ್’. ಹೆಸರೇ ‘ಬಾದುಕ್’ ಆಟದ ಪದ, ಕಪ್ಪು ಬಿಳಿ ಕಾಯಿಗಳ ‘ಗೋ’ ಆಟ. ಇನ್ನೂ ಉಳಿಯುತ್ತದೋ ಸಾಯುತ್ತದೋ ತೀರ್ಮಾನವಾಗದ ಕಾಯಿಗಳಿಗೆ ಹಾಗನ್ನುತ್ತಾರೆ. ನಾಯಕ ಜಾಂಗ್ ಗ್ರ-ರೇ ಆ ಆಟದಲ್ಲಿ ವೃತ್ತಿಗೆ ಏರಲಾಗದೆ ಸೋತವನು. ಶಿಫಾರಸಿನಿಂದ ಕಂಪನಿಗೆ ಬಂದಿದ್ದಾನೆ ಅಂತ ಯಾರಿಗೂ ಬೇಡವಾದವನು. ಅವನ ಮೇಲಧಿಕಾರಿ ಓ ಕೂಡ ಅವನನ್ನು ಹತ್ತಿರ ಸೇರಿಸಿರುವುದಿಲ್ಲ. ಬೇರೆ ವಿಭಾಗದವರ ತಪ್ಪಿಗೆ ಇವನು ಬೈಗುಳ ತಿಂದ ದಿನ, ರಾತ್ರಿ ಕುಡಿದ ಓ ಆ ಬೇರೆ ವಿಭಾಗದವನ ಮೇಲೆ ಕೂಗಾಡುತ್ತಾನೆ, ನಿಮ್ಮ ಹುಡುಗನಿಂದ ‘ಉರಿ ಏ’ ಬೈಸಿಕೊಂಡ ಅಂತ. ‘ಉರಿ’ ಅಂದರೆ ನಮ್ಮ. ‘ಏ’ ಅಂದರೆ ಹುಡುಗ. ನಮ್ ಹುಡುಗ! ಗ್ರ-ರೇ ಆ ಎರಡು ಪದ ಹಿಡಿದುಕೊಂಡು ನಿಂತುಬಿಡುತ್ತಾನೆ. ಕನ್ನಡದಲ್ಲಿ ಹೇಳಿ ನೋಡಿ, ವಿವರಣೆಯೇ ಬೇಡ.

---

ಕಿಟಕಿಪಕ್ಕ:

ಹದಿನಾರನೇ ಕಂತು ಅವರ ಮಾತು ಒಪ್ಪುತ್ತೇನೆ, ಆದರೆ ಎಲ್ಲವೂ ಕನ್ನಡಕ್ಕೆ ಸರಿಹೊಂದುತ್ತದೆ ಅಂದುಕೊಂಡರೆ ಬೇರೆ ತಪ್ಪು ಮಾಡುತ್ತೇವೆ.

‘ಒಪ್ಪಾ’ ತೆಗೆದುಕೊಳ್ಳಿ. ಹೆಣ್ಣುಮಕ್ಕಳು ಅಣ್ಣನಿಗೂ ಒಪ್ಪಾ ಅನ್ನುತ್ತಾರೆ, ಪ್ರೀತಿಸಿದವನಿಗೂ ಒಪ್ಪಾ ಅನ್ನುತ್ತಾರೆ. ಅದನ್ನು ‘ಅಣ್ಣ’ ಅಂತ ಮನಸ್ಸಿನಲ್ಲಿ ಅನುವಾದ ಮಾಡಿಕೊಂಡರೆ ಪ್ರೇಮದ ದೃಶ್ಯ ಅಲ್ಲೇ ಮುಗಿಯಿತು. ನಮ್ಮಲ್ಲಿ ಅಣ್ಣ ಅಂದರೆ ಬಾಗಿಲು ಮುಚ್ಚಿದ ಹಾಗೆ. ಅಲ್ಲಿ ಎಷ್ಟೋ ಸಲ ಬಾಗಿಲು ತೆರೆಯುವುದೇ ಆ ಪದದಿಂದ. ‘ರಿಪ್ಲೈ 1988’ರಲ್ಲಿ ಸನ್-ವೂ ತನಗಿಂತ ದೊಡ್ಡವಳಾದ ಬೋ-ರಾಳನ್ನು ‘ನೂನಾ’ ಅಂತ ಕರೆಯುತ್ತಾ ಅವಳ ಹಿಂದೆ ಬೀಳುತ್ತಾನೆ. ಅಕ್ಕಾ ಅಂತ ಓದಿಕೊಂಡರೆ ಅದರಲ್ಲಿರುವ ತುಂಟತನವೂ ಹೋಗುತ್ತದೆ, ಧೈರ್ಯವೂ ಹೋಗುತ್ತದೆ.

ಇನ್ನೂ ದೊಡ್ಡ ವ್ಯತ್ಯಾಸ ಒಂದಿದೆ. ನಮಗೆ ‘ನೀವು’ ಅನ್ನುವ ಪದ ಇದೆ, ಯಾರಿಗೆ ಬೇಕಾದರೂ ಅನ್ನಬಹುದು. ಕೊರಿಯನ್‌ನಲ್ಲಿ ದೊಡ್ಡವರಿಗೆ ಧೈರ್ಯವಾಗಿ ಬಳಸಲು ಅಂಥ ಪದ ಇಲ್ಲ. ‘ದಾಂಗ್‌ಶಿನ್’ ಅಂತ ಇದೆ, ಅದು ಗಂಡ ಹೆಂಡತಿ ಮಧ್ಯೆ ನಡೆಯುತ್ತದೆ, ರಸ್ತೆಯಲ್ಲಿ ಅಪರಿಚಿತರು ಜಗಳಕ್ಕೆ ನಿಂತಾಗಲೂ ಕೇಳುತ್ತದೆ, ದೊಡ್ಡವರಿಗೆ ನಡೆಯುವುದಿಲ್ಲ. ಹಾಗಾಗಿ ಎದುರಿಗಿರುವವರನ್ನು ಅವರ ಹುದ್ದೆಯಿಂದಲೋ ಸಂಬಂಧದಿಂದಲೋ ಕರೆಯಲೇಬೇಕು. ಕರೆಯಲು ಪದ ಹುಡುಕುವುದೇ ಒಂದು ಕತೆ ಆಗುತ್ತದೆ.

2018ರ ‘ಮೈ ಮಿಸ್ಟರ್’ ಪೂರ್ತಿ ನಿಂತಿರುವುದು ಇದರ ಮೇಲೆ ಅಂತ ನನ್ನ ಅನಿಸಿಕೆ. ಐಯು ಮಾಡಿದ ಜಿ-ಆನ್ ಅದೇ ಕಂಪನಿಯಲ್ಲಿ ತಾತ್ಕಾಲಿಕ ಕೆಲಸದ ಹುಡುಗಿ. ಲೀ ಸನ್-ಕ್ಯುನ್ ಮಾಡಿದ ದೋಂಗ್-ಹೂನ್ ಅಲ್ಲಿಯ ಇಂಜಿನಿಯರ್, ಹುದ್ದೆ ‘ಬುಜಾಂಗ್’, ಅಂದರೆ ವಿಭಾಗದ ಮುಖ್ಯಸ್ಥ. ಆಫೀಸಿನವರಿಗೆ ಅವನು ‘ಬುಜಾಂಗ್‌ನಿಮ್’. ಇವಳ ಬಾಯಲ್ಲಿ ‘ಅಜಶ್ಶಿ’ ಬರುತ್ತದೆ. ನಡುವಯಸ್ಸಿನ ಯಾವ ಗಂಡಸಿಗಾದರೂ ಅನ್ನುವ, ಸಾಮಾನ್ಯದಲ್ಲಿ ಸಾಮಾನ್ಯವಾದ ಪದ. ‘ಗಾಬ್ಲಿನ್’ನಲ್ಲಿ ಒಂಬೈನೂರು ವರ್ಷ ದಾಟಿದ ದೇವತೆಯನ್ನೂ ಅದರ ನಾಯಕಿ ಹಾಗೇ ಕರೆಯುತ್ತಾಳೆ. ಆದರೆ ‘ಮೈ ಮಿಸ್ಟರ್’ ಡ್ರಾಮಾದ ಕೊರಿಯನ್ ಹೆಸರು ‘ನಾ-ಎ ಅಜಶ್ಶಿ’. ನನ್ನ ಅಜಶ್ಶಿ. ಆ ಊರ ಪದದ ಹಿಂದೆ ‘ನನ್ನ’ ಅಂತ ಒಂದು ಪದ ಸೇರಿಸಿದ್ದಾರೆ ಅಷ್ಟೇ. ಪ್ರೇಮಿ ಅಲ್ಲ, ಅಪ್ಪ ಅಲ್ಲ, ಸಾಹೇಬರೂ ಅಲ್ಲ. ಹಾಗಿದ್ದರೆ ಯಾರು ಅನ್ನುವುದಕ್ಕೆ ಬರಹಗಾರ್ತಿ ಪಾರ್ಕ್ ಹೇ-ಯಂಗ್ ಹದಿನಾರು ಕಂತು ತೆಗೆದುಕೊಂಡಿದ್ದಾರೆ. ಲೀ ಸನ್-ಕ್ಯುನ್ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡ ಮೇಲೆ ನನಗೆ ಅದನ್ನು ಮತ್ತೆ ನೋಡಲು ಆಗಿಲ್ಲ. ಆ ದನಿ ಕೇಳಿದರೆ ಸಾಕು, ನಿಲ್ಲಿಸಿಬಿಡುತ್ತೇನೆ.

---

ಓದುಗಿತ್ತಿ:

ಸಿನಿಮಾ ಕಡೆಯಿಂದ ಎರಡು ಮಾತು.

ಕೊರಿಯನ್ ವಾಕ್ಯವೂ ಕನ್ನಡದ ಹಾಗೆ ಕ್ರಿಯಾಪದದಲ್ಲಿ ಮುಗಿಯುತ್ತದೆ. ಇದು ಸಣ್ಣ ವಿಷಯ ಅಲ್ಲ. ‘ನಾನು ಅವನನ್ನು...’ ಅಂತ ನಟಿ ನಿಲ್ಲಿಸಿದರೆ ಕೊಂದೆ ಅನ್ನುತ್ತಾಳೋ ಪ್ರೀತಿಸಿದೆ ಅನ್ನುತ್ತಾಳೋ ಇನ್ನೂ ಗೊತ್ತಿರುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಉತ್ತರ ಮೊದಲೇ ಬಂದು ಕೂತಿರುತ್ತದೆ, ಅವಳು ಬಾಯಿ ಬಿಡುವ ಮುಂಚೆ. ಹಾಗಾಗಿ ಮುಖ್ಯ ದೃಶ್ಯಗಳನ್ನು ನಾನು ಮೊದಲು ಸಬ್‌ಟೈಟಲ್ ಜೊತೆ ನೋಡಿ, ಆಮೇಲೆ ಅದಿಲ್ಲದೆ ಇನ್ನೊಂದು ಸಲ ನೋಡುತ್ತೇನೆ. ಮಾಡಿ ನೋಡಿ.

ಭಾಷೆಯೇ ಕತೆಯಾದ ಸಿನಿಮಾ ಬೇಕಾದರೆ ಪಾರ್ಕ್ ಚಾನ್-ವೂಕ್ ಅವರ ‘ಡಿಸಿಷನ್ ಟು ಲೀವ್’. 2022ರಲ್ಲಿ ಕಾನ್ ಉತ್ಸವದಲ್ಲಿ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. ತಾಂಗ್ ವೇ ಮಾಡಿದ ಸೊ-ರೇ ಚೀನಾದಿಂದ ಬಂದವಳು. ಹಳೇ ಕಾಲದ ಐತಿಹಾಸಿಕ ಡ್ರಾಮಾ ನೋಡಿ ಕೊರಿಯನ್ ಕಲಿತವಳು. ಗಂಡ ಬೆಟ್ಟದಿಂದ ಬಿದ್ದು ಸತ್ತಿದ್ದಾನೆ, ಪೊಲೀಸ್ ಮುಂದೆ ಕೂತಿದ್ದಾಳೆ. ಬೆಟ್ಟಕ್ಕೆ ಹೋದವನು ಬಾರದಿದ್ದಾಗ ‘ಮಾಚಿಮ್ನೇ’ ಸತ್ತನೇನೋ ಅಂತ ಭಯಪಟ್ಟೆ ಅನ್ನುತ್ತಾಳೆ. ‘ಮಾಚಿಮ್ನೇ’ಗೆ ಕನ್ನಡದಲ್ಲಿ ‘ಕೊನೆಗೂ’ ಹಾಕಿ ನೋಡಿ. ಕೊನೆಗೂ ಸತ್ತ! ಭಾಷೆ ಬಾರದೆ ಹಾಗಂದಳಾ, ಮನಸ್ಸಿನಲ್ಲಿದ್ದದ್ದೇ ಹೊರಗೆ ಬಂತಾ? ಸಿನಿಮಾದ ಅನುಮಾನವೆಲ್ಲ ಆ ಒಂದು ಪದದಲ್ಲಿ ಶುರುವಾಗುತ್ತದೆ. ಮುಂದೆ ಪೊಲೀಸ್ ಹೇ-ಜುನ್ ತಾನು ‘ಬುಂಗ್ವೆ’ ಆಗಿಹೋದೆ ಅನ್ನುತ್ತಾನೆ. ಕಟ್ಟಡ ಕುಸಿಯುವುದಕ್ಕೆ ಬಳಸುವ ಪದ. ಅವಳಿಗೆ ಅರ್ಥ ಗೊತ್ತಿಲ್ಲ, ಹುಡುಕಿ ತಿಳಿದುಕೊಳ್ಳುತ್ತಾಳೆ. ಅವನು ಒಮ್ಮೆಯೂ ಪ್ರೀತಿ ಅನ್ನುವ ಪದ ಆಡಿರುವುದಿಲ್ಲ, ಅವಳು ಮಾತ್ರ ಆ ಕುಸಿತದಲ್ಲೇ ಪ್ರೀತಿಯನ್ನು ಕೇಳಿಸಿಕೊಂಡಿರುತ್ತಾಳೆ. ಉಳಿದದ್ದು ಹೇಳುವುದಿಲ್ಲ, ನೋಡಿ.

ಆ ಪೊಲೀಸ್ ಮಾಡಿದ ಪಾರ್ಕ್ ಹೇ-ಇಲ್ ಹತ್ತೊಂಬತ್ತು ವರ್ಷ ಮೊದಲು, 2003ರ ‘ಮೆಮೊರೀಸ್ ಆಫ್ ಮರ್ಡರ್’ನಲ್ಲಿ ಎದುರು ಕುರ್ಚಿಯಲ್ಲಿದ್ದರು, ಶಂಕಿತನಾಗಿ. ಕೊನೆಯಲ್ಲಿ ಮಳೆ, ರೈಲಿನ ಸುರಂಗ. ಪೊಲೀಸ್ ಪಾತ್ರದ ಸಾಂಗ್ ಕಾಂಗ್-ಹೊ ಆ ಶಂಕಿತನ ಮುಖವನ್ನೇ ದಿಟ್ಟಿಸಿ ನೋಡುತ್ತಾ ಒಂದು ಮಾತು ಕೇಳುತ್ತಾರೆ. ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ, ಅವರೇ ಸ್ಥಳದಲ್ಲಿ ಆಡಿದ್ದು. ಇಂಗ್ಲಿಷ್‌ಗೆ ತರಲು ಒದ್ದಾಡಬೇಕು, ಕನ್ನಡಕ್ಕೆ ಪದಕ್ಕೆ ಪದ ಬರುತ್ತದೆ: ‘ಊಟ ಆದ್ರೂ ಮಾಡ್ಕೊಂಡು ಓಡಾಡ್ತಿದ್ದೀಯಾ?’ ಬೈಗುಳವೂ ಹೌದು, ಮರುಕವೂ ಹೌದು, ಸೋಲೂ ಹೌದು. ಸಿನಿಮಾಕ್ಕೆ ಆಧಾರವಾದ ಹ್ವಾಸಂಗ್ ಕೊಲೆಗಳ ನಿಜವಾದ ಅಪರಾಧಿ ಪತ್ತೆಯಾಗಿದ್ದು 2019ರಲ್ಲಿ, ಡಿಎನ್‌ಎ ಮೂಲಕ. ಅದು ಗೊತ್ತಾದ ಮೇಲೆ ಆ ಪ್ರಶ್ನೆ ನನಗೆ ಇನ್ನೂ ಭಾರವಾಗಿದೆ.

---

ಬೆಳದಿಂಗಳು:

ಒಂದು ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಗೊತ್ತಿರದಿದ್ದರೆ ನೋಡಿದ್ದೇ ವ್ಯರ್ಥ ಅನ್ನುವ ಭಾವನೆ ಹೊಸಬರಿಗೆ ಬರಬಾರದು. ‘ಪ್ಯಾರಸೈಟ್’ 2019ರಲ್ಲಿ ಕಾನ್‌ನಲ್ಲಿ ಪಾಮ್ ದೋರ್ ಗೆದ್ದಿತು, ಮುಂದಿನ ವರ್ಷ ನಾಲ್ಕು ಆಸ್ಕರ್ ಗೆದ್ದಿತು. ಮತ ಹಾಕಿದವರಲ್ಲಿ ಬಹಳ ಜನ ಸಬ್‌ಟೈಟಲ್ ಓದಿಯೇ ನೋಡಿದವರು. ಅದರ ಇಂಗ್ಲಿಷ್ ಸಬ್‌ಟೈಟಲ್ ಮಾಡಿದ ಡಾರ್ಸಿ ಪ್ಯಾಕೆಟ್, ಕೊರಿಯಾದ ಹೆಸರಾಂತ ಸೋಲ್ ನ್ಯಾಷನಲ್ ಯೂನಿವರ್ಸಿಟಿ ಅಂತ ಇದ್ದ ಕಡೆ ‘ಆಕ್ಸ್‌ಫರ್ಡ್’ ಅಂತ ಹಾಕಿದರು, ಹೊರಗಿನವರಿಗೆ ತಕ್ಷಣ ಹೊಳೆಯಲಿ ಅಂತ. ಕೆಲವರಿಗೆ ಅದು ಸಿಟ್ಟು ತರಿಸುತ್ತದೆ. ನನಗೆ ಅದು ಒಳ್ಳೆಯ ಕೆಲಸ ಅನಿಸುತ್ತದೆ. ಸಬ್‌ಟೈಟಲ್ ಮಾಡುವವರಿಗೆ ಇರುವುದು ಎರಡು ಸಾಲು, ಎರಡು ಮೂರು ಸೆಕೆಂಡು. ಅವರು ಬಿಟ್ಟದ್ದನ್ನು ನಟರ ಮುಖ ಹೇಳುತ್ತದೆ.

---

ಹದಿನಾರನೇ ಕಂತು:

ಬೆಳದಿಂಗಳು, ನಿಮ್ಮ ಮಾತು ನ್ಯಾಯ. ಆದರೆ ಕೊರಿಯಾದವರಿಗೇ ಸಬ್‌ಟೈಟಲ್ ಬೇಕಾದ ಕೊರಿಯನ್ ಡ್ರಾಮಾ ಇದೆ ಗೊತ್ತಾ? ಜೇಜು ದ್ವೀಪದ ಮಾತು ಅಷ್ಟು ಬೇರೆ. 2022ರ ‘ಅವರ್ ಬ್ಲೂಸ್’ನಲ್ಲಿ ಜೇಜು ಮಾತಿಗೆ ಕೊರಿಯನ್‌ನಲ್ಲೇ ಸಬ್‌ಟೈಟಲ್ ಹಾಕಿದ್ದರು. 2025ರ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’ ಇದೆಯಲ್ಲ, ಅದರ ಮೂಲ ಹೆಸರು ‘ಪೊಕ್ಸಾಕ್ ಸೊಗಟ್ಸುದಾ’. ಸೋಲ್‌ನವರ ಕಿವಿಗೆ ‘ಪೂರ್ತಿ ಮೋಸಹೋದಿರಿ’ ಅಂದ ಹಾಗೆ ಕೇಳುತ್ತದೆ. ಜೇಜು ಮಾತಿನಲ್ಲಿ ಅದರ ಅರ್ಥ ‘ತುಂಬಾ ಕಷ್ಟಪಟ್ಟಿರಿ’. ಹಿಂದಿನ ತಲೆಮಾರಿಗೆ ಹೇಳಿದ ಹಾಗಿದೆ.

ನೀಲಿಕೊಡೆ ಅವರೇ, ಕಲಿಯದೆ ಹಿಡಿಯುವುದು ಹೇಗೆ ಅಂತ ಕೇಳಿದ್ದಿರಿ. ವಾಕ್ಯದ ಕೊನೆ ಕೇಳಿ, ಅಷ್ಟೇ. ‘ಯೊ’ ಇದೆಯಾ ಇಲ್ಲವಾ. ಹೆಸರಿನ ಕೊನೆಗೆ ಗೌರವದ ‘ಶ್ಶಿ’ ಬರುತ್ತಿದೆಯಾ, ಅದು ಯಾವಾಗ ಹೋಗಿ ಸಲಿಗೆಯ ‘ಆ’ ಅಥವಾ ‘ಯಾ’ ಬಂತು. ಇದಕ್ಕೆ ವ್ಯಾಕರಣ ಬೇಡ. ಒಂದು ವಾರದಲ್ಲಿ ಕಿವಿ ತಾನಾಗಿ ಹಿಡಿಯುತ್ತದೆ.

---

ನೀಲಿಕೊಡೆ:

ಎಲ್ಲರಿಗೂ ಧನ್ಯವಾದ. ಓದುಗಿತ್ತಿ ಹೇಳಿದ ಹಾಗೆ ನಿನ್ನೆ ರಾತ್ರಿ ‘ರಿಪ್ಲೈ 1988’ರ ಮೊದಲ ಕಂತು ಹಾಕಿ, ಕೊನೆಯ ದೃಶ್ಯವನ್ನು ಸಬ್‌ಟೈಟಲ್ ಇಲ್ಲದೆ ನೋಡಿದೆ. ದೊಕ್-ಸನ್ ಹುಟ್ಟುಹಬ್ಬವನ್ನು ಪ್ರತಿ ವರ್ಷ ಅಕ್ಕನ ಹುಟ್ಟುಹಬ್ಬದ ಜೊತೆಗೇ ಸೇರಿಸಿ ಮುಗಿಸುತ್ತಾರಲ್ಲ, ಅವಳು ಅತ್ತ ಮೇಲೆ ಅಪ್ಪ ಬೇರೆ ಕೇಕ್ ತಂದು ಓಣಿಯಲ್ಲಿ ಕೂತು ಕ್ಷಮೆ ಕೇಳುತ್ತಾನೆ. ಅಪ್ಪ ಆಗಿದ್ದು ತನಗೂ ಇದೇ ಮೊದಲು ಅನ್ನುವ ಮಾತು. ಸಬ್‌ಟೈಟಲ್ ಜೊತೆ ಎಷ್ಟು ಸಲ ನೋಡಿದ್ದೇನೋ.

ನಿನ್ನೆ ಬರೀ ಕೇಳಿದೆ. ಅವನು ‘ನಾನು’ ಅನ್ನುವುದೇ ಇಲ್ಲ. ಉದ್ದಕ್ಕೂ ‘ಆಪ್ಪಾ’, ‘ಆಪ್ಪಾ’ ಅಂತಲೇ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ಕೊನೆಗೆ ಸ್ವಲ್ಪ ಹೊಂದಿಕೊಳ್ಳಮ್ಮಾ ಅಂತ ಮಗಳನ್ನು ಕೇಳುವಾಗ ಒಂದು ಪದ ಸ್ಪಷ್ಟವಾಗಿ ಕೇಳಿಸಿತು: ‘ಉರಿ ತಾಲ್’. ಅದೇ ‘ಉರಿ’! ಎದುರಿಗೆ ಕೂತವಳಿಗೇ ನಮ್ಮ ಮಗಳು ಅನ್ನುತ್ತಿದ್ದಾನೆ. ಅಲ್ಲಿಂದ ಮುಂದಕ್ಕೆ ನೋಡಲು ಆಗಲಿಲ್ಲ, ಹಿಂದಕ್ಕೆ ಹೋಗಿ ಇನ್ನೊಂದು ಸಲ ಕೇಳಿದೆ.