ಔಷಧಿ ಪ್ರಶ್ನೋತ್ತರ: ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬಂದಾಗ

ಅಡ್ಮಿನ್: ಇವತ್ತು ಸಂಜೆ ಫಾರ್ಮಸಿಸ್ಟ್ ಮೇಡಂ ನಮ್ಮ ಜೊತೆ ಇರುತ್ತಾರೆ. ಯಾವ ಮಾತ್ರೆ ಜೊತೆ ಯಾವುದು ಹೊಂದುವುದಿಲ್ಲ ಅಂತ ಕೇಳಬಹುದು. ಹೆಸರು ಬೇಡ, ಊರು ಹಾಕಿದರೆ ಸಾಕು.

ಹಾಸನ: ಮೇಡಂ, ಮಾತ್ರೆ ಡಬ್ಬಿಯೊಳಗಿನ ಚೀಟಿಯಲ್ಲಿ ‘ಕೌಂಟರ್‌ಆಕ್ಟ್’ ಅಂತ ಇದೆ. ರಿಯಾಕ್ಷನ್ ಆಗುತ್ತದೆ ಅಂತ ಅರ್ಥನಾ?

ಫಾರ್ಮಸಿಸ್ಟ್: ಅಲ್ಲ. ರಿಯಾಕ್ಷನ್ ಅಂತ ನಾವು ಹೇಳುವುದು ದದ್ದು, ತುರಿಕೆ ಇಂಥದ್ದಕ್ಕೆ. ಇದು ಬೇರೆ. ಒಂದು ಔಷಧಿ ಮಾಡುವ ಕೆಲಸಕ್ಕೆ ಇನ್ನೊಂದು ಎದುರಾಗಿ ಅದನ್ನು ತಗ್ಗಿಸುವುದು. ಬಿಪಿ ಮಾತ್ರೆ ತಗೊಳ್ಳುವವರು ಮಂಡಿನೋವಿಗೆ ಅಂತ ದಿನಾ ಡೈಕ್ಲೋಫೆನಾಕ್ ನುಂಗಿದರೆ ಮೈಯಲ್ಲಿ ಉಪ್ಪು, ನೀರು ಉಳಿದುಕೊಳ್ಳುತ್ತದೆ. ಬಿಪಿ ಇಳಿಯುವುದಿಲ್ಲ. ಮಾತ್ರೆ ಸರಿಯಿಲ್ಲ ಅಂತ ಅಂಗಡಿಗೆ ಬಂದು ಜಗಳ ಆಡುವವರಲ್ಲಿ ಇಂಥವರು ಜಾಸ್ತಿ. ಆದರೆ ಈ ಎದುರಾಟ ಯಾವಾಗಲೂ ಕೆಟ್ಟದ್ದಲ್ಲ. ಕೆಲವು ಕೀಟನಾಶಕ ಹೊಟ್ಟೆಗೆ ಹೋದವರಿಗೆ ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡುವುದು ಇದಕ್ಕಾಗಿಯೇ.

ತುಮಕೂರು: ಥೈರಾಯ್ಡ್ ಮಾತ್ರೆ ಆದ ಮೇಲೆ ಕಾಫಿ ಯಾವಾಗ ಕುಡಿಯಬಹುದು?

ಫಾರ್ಮಸಿಸ್ಟ್: ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ 4 ಗಂಟೆ ಅಂತರ.

ಶಿರಸಿ: ಅಮ್ಮನಿಗೆ ಹೃದಯದ ಕವಾಟ ಬದಲಿಸಿದ್ದಾರೆ, ಲೋಹದ್ದು. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ಇದೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಟೆಸ್ಟ್ 2.5ರಿಂದ 3.5ರ ಒಳಗೆ ಇರಬೇಕು ಅಂದಿದ್ದರು. ನಿನ್ನೆ 1.4 ಬಂದಿದೆ. ಮಾತ್ರೆ ಒಂದು ದಿನವೂ ತಪ್ಪಿಲ್ಲ. ಹೃದಯಕ್ಕೆ ಒಳ್ಳೆಯದು ಅಂತ ವಾಟ್ಸಾಪ್‌ನಲ್ಲಿ ಬಂದಿದ್ದು ನೋಡಿ ಅಮ್ಮ ದಿನಾ ನುಗ್ಗೆಸೊಪ್ಪಿನ ಪುಡಿಯ ಕಷಾಯ ಕುಡಿಯುತ್ತಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಫಾರ್ಮಸಿಸ್ಟ್: ಇದೆ. ಇದನ್ನು ಓದಿದ ಕೂಡಲೇ ಕವಾಟ ಹಾಕಿದ ಆಸ್ಪತ್ರೆಗೆ ಫೋನ್ ಮಾಡಿ. ನಾಳೆ ಅನ್ನಬೇಡಿ.

ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಲಿವರ್ ತಯಾರು ಮಾಡುತ್ತದೆ. ಅದಕ್ಕೆ ವಿಟಮಿನ್ ಕೆ ಬೇಕು. ವಾರ್ಫರಿನ್ ಆ ವಿಟಮಿನ್ನಿನ ಕೆಲಸವನ್ನು ತಡೆಯುತ್ತದೆ. ನುಗ್ಗೆಸೊಪ್ಪು, ಪಾಲಕ್, ದಂಟಿನ ಸೊಪ್ಪಿನಲ್ಲಿ ಈ ವಿಟಮಿನ್ ಜಾಸ್ತಿ. ಪುಡಿ ಅಂದರೆ ಒಣಗಿಸಿದ ಸೊಪ್ಪು, ಒಂದು ಚಮಚಕ್ಕೇ ತುಂಬಾ ಎಲೆ ಹಿಡಿಯುತ್ತದೆ. ಕಷಾಯವನ್ನು ಸೋಸದೆ ಕುಡಿದರೆ ಆ ಸೊಪ್ಪೆಲ್ಲ ಹೊಟ್ಟೆಗೆ. ವಾರ್ಫರಿನ್ ಅತಿಯಾಗಿ ರಕ್ತಸ್ರಾವ ಆದವರಿಗೆ ಆಸ್ಪತ್ರೆಯಲ್ಲಿ ಕೊಡುವುದೂ ಇದೇ ವಿಟಮಿನ್ ಕೆ. ಅಂದಮೇಲೆ ಯೋಚಿಸಿ.

1.4 ಅಂದರೆ ಲೋಹದ ಕವಾಟದ ಮೇಲೆ ಹೆಪ್ಪು ಕಟ್ಟುವ ಅಪಾಯ ಇದೆ. ಅದು ಬಿಡಿಸಿಕೊಂಡು ಮಿದುಳಿಗೆ ಹೋದರೆ ಲಕ್ವ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ, ಏದುಸಿರು ಬಂದರೆ, ಕವಾಟದ ಟಿಕ್ ಟಿಕ್ ಸದ್ದು ಮಂದವಾದರೆ ಫೋನ್ ಮಾಡುತ್ತಾ ಕೂರಬೇಡಿ, 108 ಕರೆದು ನೇರ ತುರ್ತು ವಿಭಾಗಕ್ಕೆ.

ಇನ್ನೊಂದು ಮಾತು. ಡಾಕ್ಟರಿಗೆ ಕಷಾಯದ ವಿಷಯ ಮುಚ್ಚಿಡಬೇಡಿ. ಬೈಯುತ್ತಾರೆ ಅಂತ ತುಂಬಾ ಜನ ಹೇಳುವುದೇ ಇಲ್ಲ. ಅವರು 1.4 ನೋಡಿ ವಾರ್ಫರಿನ್ ಏರಿಸುತ್ತಾರೆ. ನೀವು ಮನೆಗೆ ಬಂದು ಸುಮ್ನೆ ಕಷಾಯ ನಿಲ್ಲಿಸುತ್ತೀರಿ. ಆಗ ಐಎನ್‌ಆರ್ ಮಿತಿಮೀರಿ ಏರಿ ರಕ್ತ ಸುರಿಯಬಹುದು. ಇದರ ಅರ್ಥ ಸೊಪ್ಪು ಪೂರ್ತಿ ಬಿಡಿ ಅಂತಲ್ಲ. ವಾರ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಡಾಕ್ಟರು ಅದಕ್ಕೆ ತಕ್ಕಂತೆ ಡೋಸ್ ಹೊಂದಿಸುತ್ತಾರೆ. ಅಪಾಯ ಇರುವುದು ಇದ್ದಕ್ಕಿದ್ದಂತೆ ಏರಿಸುವುದು, ಇಳಿಸುವುದರಲ್ಲಿ.

ದಾವಣಗೆರೆ: ಅಕ್ಕಾ, ಗಾಬರಿ ಆಗಬೇಡಿ. ಎರಡು ದಿನ ಮಾತ್ರೆ ಡಬಲ್ ಕೊಡಿ, ಸರಿಹೋಗುತ್ತದೆ. ನಮ್ಮ ಮಾವನಿಗೆ ಹಾಗೇ ಮಾಡಿದ್ದೆವು.

ಫಾರ್ಮಸಿಸ್ಟ್: ಶಿರಸಿಯವರೇ, ಅದನ್ನು ಮಾಡಬೇಡಿ. ದಾವಣಗೆರೆಯವರೇ, ದಯವಿಟ್ಟು ಆ ಸಾಲು ಅಳಿಸಿ. ವಾರ್ಫರಿನ್ ಡೋಸ್ ಬದಲಿಸಿದ್ದು ಪೂರ್ತಿ ಕಾಣಲು ಕೆಲವು ದಿನ ಬೇಕು. ಇವತ್ತು ಡಬಲ್ ಕೊಟ್ಟಿದ್ದರ ಪೆಟ್ಟು ಆಮೇಲೆ ಗೊತ್ತಾಗುತ್ತದೆ.

ಮೈಸೂರು: ಎಲ್ಲದಕ್ಕೂ ನಮ್ಮ ಸೊಪ್ಪನ್ನೇ ಬೈಯುವುದು ಫ್ಯಾಷನ್ ಆಗಿದೆ. ನಮ್ಮಜ್ಜಿ ನುಗ್ಗೆಸೊಪ್ಪು ತಿಂದುಕೊಂಡೇ ತೊಂಬತ್ತು ದಾಟಿದರು. ಇದು ಔಷಧಿ ಕಂಪನಿಯವರ ಆಟ.

ಧಾರವಾಡ: ನಿಮ್ಮಜ್ಜಿಗೆ ಲೋಹದ ಕವಾಟ ಇತ್ತಾ?

ಮೈಸೂರು: ನೀವು ಡಾಕ್ಟರಾ? ಆಯುರ್ವೇದಕ್ಕೆ ಸಾವಿರಾರು ವರ್ಷ ಆಯಿತು.

ಧಾರವಾಡ: ವಾಟ್ಸಾಪ್ ಫಾರ್ವರ್ಡ್ ಆಯುರ್ವೇದ ಅಲ್ರೀ. ನನ್ನ ತಮ್ಮ ಆಯುರ್ವೇದ ವೈದ್ಯ. ಯಾವ ಮಾತ್ರೆ ತಗೊಳ್ತೀರಿ ಅಂತ ಮೊದಲು ಕೇಳುತ್ತಾನೆ.

ಬೆಂಗಳೂರು: ಚಕ್ಕೋತ ಹಣ್ಣು ತಿಂದರೆ ಕೊಲೆಸ್ಟ್ರಾಲ್ ಮಾತ್ರೆಗೆ ತೊಂದರೆಯಾ?

ಮೈಸೂರು: ನಿಮ್ಮ ತಮ್ಮನ ಕಥೆ ಯಾರು ಕೇಳಿದರು?

ಅಡ್ಮಿನ್: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಫಾರ್ಮಸಿಸ್ಟ್: ನಾನು ಸೊಪ್ಪನ್ನು ಬೈದಿಲ್ಲ. ಸೊಪ್ಪಿನಲ್ಲಿ ಶಕ್ತಿ ಇದೆ ಅಂತ ನಂಬುವುದಾದರೆ, ಮಾತ್ರೆಗೆ ಎದುರು ನಿಲ್ಲುವ ಶಕ್ತಿಯೂ ಇದೆ ಅಂತ ಒಪ್ಪಬೇಕು.

ರಾಯಚೂರು: ಆಸಿಡ್ ನುಂಗಿದರೆ ಅಡುಗೆ ಸೋಡಾ ನೀರು, ಕಾಸ್ಟಿಕ್ ಸೋಡಾ ನುಂಗಿದರೆ ನಿಂಬೆರಸ ಕುಡಿಸಿ ಅಂತ ಒಂದು ಮೆಸೇಜ್ ಬಂದಿದೆ. ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ.

ಫಾರ್ಮಸಿಸ್ಟ್: ಬೇಡ! ಎರಡೂ ಸೇರಿದರೆ ಹೊಟ್ಟೆಯೊಳಗೆ ಬಿಸಿ ಹುಟ್ಟುತ್ತದೆ, ಗ್ಯಾಸ್ ಏಳುತ್ತದೆ, ಸುಟ್ಟ ಜಾಗ ಇನ್ನೂ ಸುಡುತ್ತದೆ. ವಾಂತಿಯನ್ನೂ ಮಾಡಿಸಬೇಡಿ, ಗಂಟಲು ಎರಡನೇ ಸಲ ಸುಡುತ್ತದೆ. ಬಾಟಲಿ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ. ಈ ಮೆಸೇಜನ್ನು ಇಲ್ಲಿಗೇ ನಿಲ್ಲಿಸಿ. ಮಕ್ಕಳಿರುವ ಮನೆಯವರು ಇದನ್ನು ನಂಬಿದರೆ ಗತಿ ಏನು?

ರಾಯಚೂರು: ಒಳ್ಳೆ ಮನಸ್ಸಿನಿಂದ ಹಾಕಿದ್ದಕ್ಕೆ ಇಷ್ಟು ಕೋಪ ಬೇಕಿರಲಿಲ್ಲ.

ಮಂಡ್ಯ: ಥೈರಾಯ್ಡ್ ಮಾತ್ರೆ ಕಾಫಿ ಜೊತೆ ತಗೋಬಹುದಾ?

ಫಾರ್ಮಸಿಸ್ಟ್: ಮೇಲೆ ಬರೆದಿದ್ದೇನೆ.

ಕೋಲಾರ: ಕಬ್ಬಿಣದ ಮಾತ್ರೆ ಟೀ ಜೊತೆ?

ಫಾರ್ಮಸಿಸ್ಟ್: ಬೇಡ. ಟೀ ಅದನ್ನು ಮೈಗೆ ಸೇರಲು ಬಿಡುವುದಿಲ್ಲ. ನಿಂಬೆ ಪಾನಕದ ಜೊತೆ ಒಳ್ಳೆಯದು.

ಉಡುಪಿ: ಕುಡಿದವರಿಗೆ ಕಡು ಕಾಫಿ ಕೊಟ್ಟರೆ ನಶೆ ಇಳಿಯುತ್ತದಲ್ವಾ?

ಫಾರ್ಮಸಿಸ್ಟ್: ಇಲ್ಲ. ನಿದ್ದೆ ಹೋಗುತ್ತದೆ, ನಶೆ ಹಾಗೇ ಇರುತ್ತದೆ. ಗಾಡಿ ಕೀ ಕೊಡಬೇಡಿ.

ಮೈಸೂರು: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಕಂಪನಿಯವರ ಕಮಿಷನ್ ಬಗ್ಗೆ ಯಾಕೆ ಮೌನ?

ಧಾರವಾಡ: ನೀವು ಪ್ರಶ್ನೆ ಕೇಳಿದ್ದೇ ಇಲ್ಲ, ಆರೋಪ ಮಾಡಿದ್ದು.

ಶಿರಸಿ: ಮೇಡಂ, ಫೋನ್ ಮಾಡಿದೆ. ಈಗಲೇ ಕರೆದುಕೊಂಡು ಬನ್ನಿ ಅಂದರು. ಗಾಡಿಗೆ ಹೇಳಿದ್ದೇನೆ. ಅಮ್ಮ ಮಾತಾಡುತ್ತಿದ್ದಾರೆ, ಕೈಕಾಲು ಸರಿ ಇದೆ.

ಫಾರ್ಮಸಿಸ್ಟ್: ಒಳ್ಳೆಯದಾಯಿತು. ಐಎನ್‌ಆರ್ ಬರೆಸಿದ ಪುಸ್ತಕ, ಎಲ್ಲ ಮಾತ್ರೆಗಳು, ಪುಡಿಯ ಪ್ಯಾಕೆಟ್, ಮೂರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಕಷಾಯ ಯಾವತ್ತಿನಿಂದ, ದಿನಕ್ಕೆ ಎಷ್ಟು ಚಮಚ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಗಾಡಿಯಲ್ಲಿ ಅಮ್ಮನ ಜೊತೆ ಮಾತಾಡುತ್ತಾ ಇರಿ, ಮಾತು ತೊದಲಿದರೆ ಆಗಲೇ ಗೊತ್ತಾಗುತ್ತದೆ.